ಹೊಟ್ಟು ಬೀಳುವ ಜಾಗ

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಿಗೆ ಎಷ್ಟು ಮರ್ಯಾದೆ ಅಂತ ಯಾರಾದರೂ ಕೇಳಿದರೆ ನಾನು ನಮ್ಮ ಗಣಿತದ ಮೇಷ್ಟ್ರ ಸಂಗತಿ ಹೇಳುತ್ತೇನೆ. ಹೊಳೆನರಸೀಪುರದಲ್ಲಿ ನಾನು ಕೆಲಸ ಮಾಡುತ್ತಿದ್ದ ಸ್ಕೂಲಿನಲ್ಲಿ ಡಿಸೆಂಬರ್ ಬಂತೆಂದರೆ ಸಾಕು, ನನ್ನ ಪೀರಿಯಡ್ಡುಗಳೆಲ್ಲ ಅವರ ಪಾಲಾಗುತ್ತಿದ್ದವು. ಕೇಳುವ ಪದ್ಧತಿಯೂ ಇರಲಿಲ್ಲ. ನಾನು ಬೋರ್ಡಿನ ಮೇಲೆ ಒಂದು ಹೂಜಿ ಬರೆದು ಅದಕ್ಕೆ ನೆರಳು ಕೊಡುತ್ತಿರುವಾಗ ಅವರು ಬಾಗಿಲಲ್ಲಿ ನಿಂತು, "ನೀವು ಹೋಗಿ ಆರಾಮಾಗಿ ಕೂತ್ಕೊಳ್ಳಿ ಸಾರ್, ನಂದು ಪೋರ್ಷನ್ ಮುಗಿದಿಲ್ಲ" ಅನ್ನುತ್ತಿದ್ದರು. ಹೂಜಿಯನ್ನು ನಾನೇ ಅಳಿಸಿ, ಕೈ ಕೊಡವಿಕೊಂಡು, ನಗುತ್ತಾ ಹೊರಗೆ ಬರುತ್ತಿದ್ದೆ. ನಗು ಯಾಕೆ ಬರುತ್ತಿತ್ತೋ ದೇವರಿಗೇ ಗೊತ್ತು. ಒಳಗೆ ಹೊಟ್ಟೆ ಉರಿಯುತ್ತಿತ್ತು.

ಮನೆಯಲ್ಲೂ ಅಷ್ಟೆ. ಹೆಂಡತಿ ಅಡುಗೆಮನೆಯಿಂದ ಕೂಗಿ ಕೇಳುತ್ತಿದ್ದಳು: "ಏನಾದ್ರೂ ಕೆಲಸ ಮಾಡ್ತಿದೀರಾ, ಇಲ್ಲ ಚಿತ್ರ ಬರೀತಿದೀರಾ?" ಚಿತ್ರ ಅಂದರೆ ಕೊತ್ತಂಬರಿ ಸೊಪ್ಪು ತರಲು ಹೋಗಬಹುದು ಅಂತ ಅರ್ಥ. ಇನ್ನು ಅಪ್ಪ. ನಮ್ಮದು ದೇವಸ್ಥಾನದ ಬೀದಿಯ ಮನೆ, ಅಪ್ಪ ಅರ್ಚಕರು. ನಾನು ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ ಕೆಲಸಕ್ಕೆ ಸೇರಿದ ದಿನ ಅವರು ಆಡಿದ ಮಾತು ಒಂದೇ: "ಇದಕ್ಕೂ ಸಂಬಳ ಕೊಡ್ತಾರಾ? ಪುಣ್ಯಾತ್ಮರು."

ಅಪ್ಪ ಪೂಜೆಗೆ ಕೂತರೆ ಮಾತಾಡುತ್ತಿರಲಿಲ್ಲ. ಮುಗಿಯುವವರೆಗೆ ಮೌನ. ಹೂವು ಬೇಕಾದರೆ ಗಲ್ಲ ಎತ್ತಿ ತೋರಿಸಿ "ಹೂಂ" ಅನ್ನುವರು. ಗಂಟೆ ಬೇಕಾದರೆ "ಹೂಂ ಹೂಂ". ನಾನು ದಾರಿಗೆ ಅಡ್ಡ ಕೂತಿದ್ದರೆ ಹುಬ್ಬು ಗಂಟು ಹಾಕಿಕೊಂಡು ಉದ್ದಕ್ಕೆ ಒಂದು "ಹೂಂ…". ಈ ಭಾಷೆ ನನಗೆ ಐದನೇ ವಯಸ್ಸಿಗೇ ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ ಘನಕಾರ್ಯಕ್ಕೆ ಗೊತ್ತಿರಲಿಲ್ಲ ಅನ್ನುವ ನೆಪವೂ ಇಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ನಲವತ್ತು ದಾಟಿದ ಮೇಲೆ, ನಾನು ಕಲಾವಿದನಾಗಬೇಕು ಅಂತ ತೀರ್ಮಾನಿಸಿದೆ. ತೀರ್ಮಾನಿಸಿದ ಕೂಡಲೇ ಗಡ್ಡ ಬಿಟ್ಟೆ. ಹಾಸನದಲ್ಲಿ ಫೆಬ್ರವರಿಯಲ್ಲಿ ಒಂದು ಚಿತ್ರಪ್ರದರ್ಶನ ಇತ್ತು, ಸ್ಥಳದಲ್ಲೇ ಕೂತು ಬರೆದ ಹಳ್ಳಿಯ ಚಿತ್ರಗಳಿಗೆ ಅಂತಲೇ. ಬೆಂಗಳೂರಿನಿಂದ ಒಂದು ಡಬ್ಬಿ ಪೇಸ್ಟಲ್ ತರಿಸಿದೆ. ಪೇಸ್ಟಲ್ ಅಂದರೆ ಬಣ್ಣದ ಸೀಮೆಸುಣ್ಣಕ್ಕೆ ಅಣ್ಣ ಅಂದುಕೊಳ್ಳಿ. ನೀರು ಬೇಡ, ಬ್ರಷ್ ಬೇಡ, ಒರಟು ಕಾಗದದ ಮೇಲೆ ಕಡ್ಡಿಯನ್ನು ಉಜ್ಜಿ ಬೆರಳಲ್ಲಿ ತೀಡುವುದು. ತೊಂದರೆ ಏನೆಂದರೆ ಅದು ಕಾಗದಕ್ಕೆ ಅಂಟುವುದಿಲ್ಲ, ಪುಡಿಯಾಗಿ ಸುಮ್ಮನೆ ಕೂತಿರುತ್ತದೆ. ಕೈ ತಾಗಿದರೆ ಅಳಿಸುತ್ತದೆ, ಗಾಳಿ ಬೀಸಿದರೆ ಹಾರುತ್ತದೆ. ಹೊರಗೆ ಬಯಲಲ್ಲಿ ಕೂತು ಬರೆಯುವವನು ಇದನ್ನೇ ಯಾಕೆ ತರಿಸಿದ ಅಂತ ಕೇಳಬೇಡಿ. ಡಬ್ಬಿ ನೋಡಲು ಬಹಳ ಚೆನ್ನಾಗಿತ್ತು.

ಮೊದಲು ಶೆಟ್ಟಿಹಳ್ಳಿಗೆ ಹೋದೆ, ಹಿನ್ನೀರಿನಲ್ಲಿ ನಿಂತಿರುವ ಪಾಳು ಚರ್ಚು ಬರೆಯೋಣ ಅಂತ. ನೋಡಲು ಬಂದಿದ್ದ ಒಂದು ಸಂಸಾರ ನನ್ನ ಹಿಂದೆ ಬಂದು ನಿಂತಿತು. ಯಜಮಾನರು ಬಹಳ ಹೊತ್ತು ನೋಡಿ, "ಇದು ಹಾಸನದ ಬಸ್ ಸ್ಟ್ಯಾಂಡಲ್ವಾ ಸಾರ್?" ಅಂದರು. ಗೊರೂರಿನ ಅಣೆಕಟ್ಟಿನ ಹತ್ತಿರ ಹೋದ ಭಾನುವಾರ ಗಾಳಿ ಬೀಸಿ ಬೀಸಿ, ಬರೆದ ಆಕಾಶವೆಲ್ಲ ನನ್ನ ಗಡ್ಡಕ್ಕೆ ಬಂತು. ಮನೆಗೆ ಹೋದಾಗ ಹೆಂಡತಿ ಬಾಗಿಲು ತೆಗೆದು, "ಅಯ್ಯೋ ರಾಮ, ಯಾವ ನಾಟಕದವರು ಅಂದ್ಕೊಂಡೆ" ಅಂದಳು. ಆವತ್ತಿಂದ ನನಗೆ ಗಾಳಿ ಕಂಡರೆ ಆಗುತ್ತಿರಲಿಲ್ಲ.

ಕೊನೆಗೆ ಜಾಗ ಸಿಕ್ಕಿದ್ದು ಅರಕಲಗೂಡಿನ ಕಡೆ ಹೋಗುವ ರಸ್ತೆಯಿಂದ ಒಳಗಿರುವ ಒಂದು ಹಳ್ಳಿಯಲ್ಲಿ. ಡಿಸೆಂಬರಿನ ಒಂದು ಭಾನುವಾರ ಮೊಪೆಡ್ಡಿನಲ್ಲಿ ಹೋಗುತ್ತಿದ್ದಾಗ ರಾಗಿ ಕಣ ಕಂಡಿತು. ಸಗಣಿ ಸಾರಿಸಿದ ಕಣ, ಮಧ್ಯೆ ಹರಡಿದ ರಾಗಿ ತೆನೆ, ಅದರ ಮೇಲೆ ಜೋಡಿ ಎತ್ತು ಕಟ್ಟಿ ಕಲ್ಲಿನ ಗುಂಡು ಹೊಡೆಯುತ್ತಿದ್ದ ಒಬ್ಬರು ರೈತರು, ಹಿಂದೆ ಹುಲ್ಲು ಕೊಡವುತ್ತಿದ್ದ ಅವರ ಹೆಂಡತಿ. ಇಬ್ಬರೇ. ಗಂಡನಿಗೆ ಐವತ್ತೈದು ಇರಬಹುದು, ಸಣಕಲು ಆಳು, ತಲೆಗೆ ಟವೆಲ್ಲು. ನಾನು ಮೊಪೆಡ್ ನಿಲ್ಲಿಸಿ, ಮುಂದಿನ ಭಾನುವಾರ ಬಂದು ನಿಮ್ಮ ಕಣದ ಚಿತ್ರ ಬರೆಯಬಹುದಾ ಅಂತ ಕೇಳಿದೆ.

"ಯಾವ ಇಸ್ಕೂಲು ಸಾ?" ಅಂದರು. ಹೇಳಿದೆ. "ಮೇಷ್ಟ್ರಾ? ಬನ್ನಿ ಸಾ, ಅದ್ಕೇನಂತೆ. ಬರ್ಕಳಿ, ಕಣ ಏನ್ ಸವ್ದೋಯ್ತದಾ?" ಅಂದರು. ಹೆಂಡತಿ ಹಾಲು, ಬಾಳೆಹಣ್ಣು ತಂದುಕೊಟ್ಟರು. ದೇವಸ್ಥಾನದ ಬೀದಿಯವನು ಅಂತ ಹೇಗೋ ಗೊತ್ತಾಗಿಬಿಟ್ಟಿತ್ತು. ನಮ್ಮಂಥವರಿಗೆ ಅವರು ಬೇಯಿಸಿದ್ದು ಕೊಡುವುದಿಲ್ಲ, ಹಾಲು ಹಣ್ಣು ಕೊಡುತ್ತಾರೆ. ನನಗೆ ಆ ಭೇದವೆಲ್ಲ ಇಲ್ಲ ಅಂತ ತೋರಿಸಿಕೊಳ್ಳುವ ಆಸೆ ಬಹಳ, ಆದರೆ ಆವತ್ತು ಹಸಿವಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಒಂದು ಗಂಟೆಗೇ ಹೋದೆ. ಗುಂಡು ಹೊಡೆದು, ಹುಲ್ಲು ತೆಗೆದು ಆಗಿತ್ತು. ಕಾಳೂ ಹೊಟ್ಟೂ ಬೆರೆತ ದೊಡ್ಡ ಗುಡ್ಡೆ ಕಣದ ನಡುವೆ ಇತ್ತು. ಇನ್ನು ತೂರುವುದು ಬಾಕಿ. ತೂರುವವರು ಎತ್ತರದ ಮಣೆಯ ಮೇಲೆ ನಿಂತು ಮೊರದಿಂದ ಸುರಿಯಬೇಕು, ಗಾಳಿ ಹೊಟ್ಟನ್ನು ಆಚೆ ಹೊತ್ತುಕೊಂಡು ಹೋಗಬೇಕು, ಕಾಳು ಕೆಳಗೆ ನಿಲ್ಲಬೇಕು. ಗಾಳಿ ಇಲ್ಲದಿದ್ದರೆ ಕೆಲಸವೇ ಇಲ್ಲ.

"ಮೂರ್ ದಿನ ಆಯ್ತು ಸಾ, ಒಂದ್ ಎಲೆ ಅಳ್ಳಾಡಿಲ್ಲ" ಅಂದರು ರೈತರು. "ಮ್ಯಾಲೆ ನೋಡುದ್ರೆ ಮೋಡ. ಹೊಟ್ಟು ಸಮೇತ ನೆಂದ್ರೆ ರಾಗಿ ಮುಗ್ಗಾಗೋಯ್ತದೆ. ವರ್ಷದ ಇಟ್ಟು ಇದೇಯ ನಮ್ಗೆ."

ನಾನು ಬಾಯಲ್ಲಿ "ಅಯ್ಯೋ ಪಾಪ" ಅಂದೆ. ಮನಸ್ಸಿನಲ್ಲಿ, ಗಾಳಿ ಇಲ್ವಾ, ಸದ್ಯ, ದೇವರು ದೊಡ್ಡವನು ಅಂದುಕೊಂಡೆ. ಇದನ್ನು ಈಗ ಬರೆಯುವಾಗ ಕೈ ಹಿಂಜರಿಯುತ್ತದೆ. ಆದರೆ ಅಂದುಕೊಂಡದ್ದು ನಿಜ.

ಕಣದ ನೇಮ ನನಗೂ ಗೊತ್ತು ಅಂತ ತೋರಿಸಬೇಕಲ್ಲ, ಇಪ್ಪತ್ತು ಮಾರು ದೂರದಲ್ಲೇ ಚಪ್ಪಲಿ ಬಿಟ್ಟೆ. ಅದೂ ಅವರು ನೋಡಲಿ ಅಂತ ಒಂದು ಸಲ ಕೆಮ್ಮಿ ಬಿಟ್ಟೆ. ಆಮೇಲೆ ಜಾಗ ಹುಡುಕಿದೆ. ಸೂರ್ಯ ಪಶ್ಚಿಮಕ್ಕೆ ಇಳಿಯುತ್ತಿದ್ದ. ಬಿಸಿಲು ನನ್ನ ಬೆನ್ನಿಗೆ ಇರಬೇಕು, ಚಿತ್ರದ ಮೇಲೆ ಬೀಳಬೇಕು. ಕಣದ ಪಶ್ಚಿಮಕ್ಕೆ, ಗುಡ್ಡೆಯಿಂದ ನಾಲ್ಕೈದು ಮಾರು ಬಿಟ್ಟು, ನನ್ನ ಮಡಿಸುವ ಕುರ್ಚಿ ಹಾಕಿ, ಬೋರ್ಡು ನಿಲ್ಲಿಸಿ, ಡಬ್ಬಿ ಬಿಚ್ಚಿ ಕೂತೆ. ಎದುರಿಗೆ ಗುಡ್ಡೆ, ಮಣೆ, ಹಿಂದೆ ತೆಂಗಿನ ಮರಗಳು, ಅದರಾಚೆ ಮಂಜು ಮಂಜಾದ ಊರು. ಆಹಾ ಅಂದುಕೊಂಡೆ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಮೂಡಲಿಂದ ಬೀಸುತ್ತದೆ ಅನ್ನುವುದು ಪಶ್ಚಿಮದಲ್ಲಿ ಕೂತವನಿಗೆ ಹೊಳೆಯಲಿಲ್ಲ.

ರೈತರು ನಾನು ಕೂತದ್ದನ್ನು ನೋಡಿದರು. ಹೆಂಡತಿಯ ಮುಖ ನೋಡಿದರು. ಎರಡು ಹೆಜ್ಜೆ ನನ್ನ ಕಡೆ ಬಂದು, "ಸಾ, ಗಾಳಿ ಬಂದ್ರೆ…" ಅಂತ ರಾಗ ಎಳೆದರು.

ಪಾಪ, ನನ್ನ ಕಾಗದ ಹಾರೀತು ಅಂತ ಯೋಚನೆ ಅಂದುಕೊಂಡೆ. "ಬರಲ್ಲ ಬಿಡಿ!" ಅಂತ ಧೈರ್ಯ ಹೇಳಿದೆ. "ನೋಡಿ, ಒಂದು ಎಲೆ ಅಲ್ಲಾಡ್ತಿಲ್ಲ. ಇವತ್ತು ಗಾಳಿ ಬರೋದೇ ಇಲ್ಲ. ನೀವು ನಿಮ್ಮ ಪಾಡಿಗೆ ಕೆಲಸ ಮಾಡ್ಕೊಳ್ಳಿ. ನಾನು ಇಲ್ಲಿದೀನಿ ಅಂತಾನೇ ಅಂದ್ಕೋಬೇಡಿ."

ಮೂರು ದಿನದಿಂದ ಗಾಳಿಗಾಗಿ ಆಕಾಶ ನೋಡುತ್ತಿದ್ದ ಮನುಷ್ಯನಿಗೆ ಗಾಳಿ ಬರುವುದಿಲ್ಲ ಅಂತ ನಾನು ಸಮಾಧಾನ ಹೇಳಿದೆ! ಅವರು "ಆಯ್ತು ಸಾ" ಅಂದು ವಾಪಸ್ ಹೋದರು.

ಎರಡು ಗಂಟೆಯವರೆಗೆ ನಾನು ಆಕಾಶ ಬರೆದೆ, ತೆಂಗಿನ ಮರ ಬರೆದೆ. ಅವರಿಬ್ಬರೂ ಗುಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಎಷ್ಟು ಹೊತ್ತಾದ ಮೇಲೋ ರೈತರು ತಟಕ್ಕನೆ ಎದ್ದರು. ದೂರದಲ್ಲಿ ಎಲ್ಲೋ ಗರಿ ಅಲ್ಲಾಡಿದ್ದು ಅವರಿಗೆ ಕಂಡಿತ್ತು. ಗುಡ್ಡೆಯ ಪಕ್ಕ ಸಗಣಿ ಉಂಡೆಗೆ ಗರಿಕೆ ಸಿಕ್ಕಿಸಿ ಬೆನಕ ಅಂತ ಗಣಪತಿ ಮಾಡಿಟ್ಟಿದ್ದರು, ಅದಕ್ಕೆ ಕೈಮುಗಿದರು, ಗುಡ್ಡೆಗೆ ಕೈಮುಗಿದರು, ಮಣೆ ಹತ್ತಿದರು. ಹೆಂಡತಿ ಮೊರ ತುಂಬಿ ಎತ್ತಿಕೊಟ್ಟರು. ಅವರು ಅದನ್ನು ತಲೆಗಿಂತ ಮೇಲೆ ಎತ್ತಿ ಹಿಡಿದರು.

ಆಗ ಗಾಳಿ ಬಂತು. ನನ್ನ ಮುಖಕ್ಕೇ ಬಂತು. ಬೋರ್ಡಿನ ಬೆನ್ನು ಗಾಳಿಯ ಕಡೆಗಿದ್ದದ್ದರಿಂದ ನನ್ನ ಪುಡಿ ಹಾರಲಿಲ್ಲ. ನಾನು ಎರಡು ಕ್ಲಿಪ್ಪು ಜಾಸ್ತಿ ಹಾಕಿ, ಗಾಳಿಗೆ ಮನಸಾರೆ ಬೈದು, ತಲೆ ಎತ್ತಿ ನೋಡುತ್ತೇನೆ: ಏನು ಭಂಗಿ ಅಂತೀರಿ! ರೈತರು ಮೊರ ಎತ್ತಿ ಹಾಗೇ ನಿಂತಿದ್ದಾರೆ. ಸುರಿಯುತ್ತಿಲ್ಲ. ಹೆಂಡತಿ ಕೆಳಗೆ ಇನ್ನೊಂದು ಮೊರ ಹಿಡಿದು ಕತ್ತೆತ್ತಿ ನಿಂತಿದ್ದಾರೆ, ಸೆರಗು ಪಟಪಟ ಅಂತಿದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ.

ನನಗೋಸ್ಕರ ನಿಂತಿದ್ದಾರೆ ಅಂದುಕೊಂಡೆ. ಚಿತ್ರ ಬರೆಯುವವನಿಗೆ ಅಲ್ಲಾಡದೆ ನಿಲ್ಲಬೇಕು ಅಂತ ಇವರಿಗೆ ಯಾರು ಹೇಳಿಕೊಟ್ಟರು? ಎಂಥ ಸಂಸ್ಕಾರ! ನನ್ನ ಕಣ್ಣು ತುಂಬಿಬಂತು. "ಹಾಗೇ ಇರಿ! ಅಲ್ಲಾಡಬೇಡಿ! ಬಹಳ ಚೆನ್ನಾಗಿದೆ!" ಅಂತ ಕೂಗಿದೆ.

ರೈತರು "ಹೂಂ" ಅಂದು ಗಲ್ಲ ಎತ್ತಿದರು. ಒಪ್ಪಿದರು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ "ಹೂಂ ಹೂಂ" ಅಂದು ಗಲ್ಲವನ್ನು ಪಕ್ಕಕ್ಕೆ ತಿರುಗಿಸಿದರು. ಈ ಕಡೆ ಮುಖ ಚೆನ್ನಾಗಿ ಬರುತ್ತದೆ ಅಂತ ಹೇಳುತ್ತಿದ್ದಾರೆ ಅಂದುಕೊಂಡೆ. "ಪರವಾಗಿಲ್ಲ, ಎದುರಿಗೇ ಇರ್ಲಿ!" ಅಂದೆ. ಆಮೇಲೆ ಹುಬ್ಬು ಗಂಟು ಹಾಕಿ ಉದ್ದಕ್ಕೆ ಒಂದು "ಹೂಂ…" ಬಂತು. ಆ ಗಂಟು ಹಾಕಿದ ಹುಬ್ಬು ಚಿತ್ರಕ್ಕೆ ಎಷ್ಟು ಚೆನ್ನಾಗಿ ಕೂಡಿಬರುತ್ತದೆ ಅಂತ ಹಿಗ್ಗಿ, ಕಂದು ಕಡ್ಡಿ ತೆಗೆದುಕೊಂಡು ಹುಬ್ಬನ್ನು ಬರೆದೆ.

ಮಧ್ಯೆ ಅವರು ಎರಡು ಮೂರು ಸಲ ಮೊರ ಇಳಿಸಿ, ಕೈ ಕೊಡವಿ, ಮತ್ತೆ ಎತ್ತಿದರು. ಆಗಾಗ ಆಕಾಶ ನೋಡುತ್ತಿದ್ದರು. ಅದೂ ಒಳ್ಳೆಯದೇ ಆಯಿತು ಅಂತ ಕತ್ತನ್ನು ಸ್ವಲ್ಪ ಮೇಲಕ್ಕೆ ತಿದ್ದಿದೆ. ಅರ್ಧ ಗಂಟೆಗೂ ಜಾಸ್ತಿ ಗಾಳಿ ಬೀಸಿತು, ಹದವಾಗಿ, ಒಂದೇ ಸಮನೆ. ಆಮೇಲೆ ನಿಂತಿತು. ಗಾಳಿ ನಿಂತದ್ದಕ್ಕೂ ನನ್ನ ಚಿತ್ರ ಮುಗಿದದ್ದಕ್ಕೂ ಸರಿಹೋಯಿತು.

ಕೈ ಒರೆಸಿಕೊಂಡು ಎದ್ದು, ಬೋರ್ಡು ತಿರುಗಿಸಿ ತೋರಿಸಿದೆ. ಇಬ್ಬರೂ ಮಾತಾಡಲಿಲ್ಲ, ತಲೆ ಆಡಿಸಿದರು. ಬೆರಗಿಗೆ ಬಾಯಿ ಕಟ್ಟಿಹೋಗಿದೆ ಅಂದುಕೊಂಡೆ. ನಿಮ್ಮ ಉಪಕಾರ ಮರೆಯಲ್ಲ ಅಂತ ಒಂದು ಸಣ್ಣ ಭಾಷಣ ಮಾಡಿ, ಚಿತ್ರವನ್ನು ಎರಡು ರಟ್ಟಿನ ನಡುವೆ ಇಟ್ಟು, ಮೊಪೆಡ್ ಹತ್ತಿದೆ. ಊರು ಇನ್ನೂ ಎರಡು ಮೈಲಿ ಇರುವಾಗ ಹನಿ ಶುರುವಾಯಿತು. ನಾನು ಶರ್ಟು ಬಿಚ್ಚಿ ರಟ್ಟಿಗೆ ಸುತ್ತಿ, ಬನಿಯನ್ನಿನಲ್ಲಿ ನಡುಗುತ್ತಾ ಮನೆ ಸೇರಿದೆ. ದಾರಿಯುದ್ದಕ್ಕೂ ಚಿತ್ರ ನೆನೆಯುತ್ತದಲ್ಲ ಅನ್ನುವ ಒಂದೇ ಚಿಂತೆ. ಜಡಿಮಳೆ ಮೂರು ದಿನ ಬಿಡಲಿಲ್ಲ. ಎರಡನೇ ದಿನ ಹೆಂಡತಿಯೇ ಕೇಳಿದ್ದು: "ಅವರ ರಾಗಿ ಏನಾಯ್ತೋ ಪಾಪ?" ನಾನು, "ಅವರು ರೈತರು ಕಣೆ, ಅವರಿಗೆಲ್ಲ ಗೊತ್ತಿರುತ್ತೆ" ಅಂದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಆ ರೈತರು ನಮ್ಮ ಮನೆ ಜಗುಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ಸಣ್ಣ ಚೀಲ. "ಸುಗ್ಗಿ ಮುಗೀತು ಸಾ. ನಮ್ ಕಣದಾಗೆ ಬಂದ್ ಕುಂತಿದ್ರಿ, ಅದ್ಕೆ ಹತ್ ಸೇರು ರಾಗಿ" ಅಂದರು. ಮಳೆಯಲ್ಲಿ ಏನೂ ಆಗಲಿಲ್ಲವಾ ಅಂತ ಕೇಳಿದೆ. "ಎಂಗೋ ಆಯ್ತು ಸಾ" ಅಂದು, ಕಾಫಿ ಕುಡಿದು, ಬಸ್ಸಿಗೆ ಹೊರಟರು. ಆ ರಾಗಿಯ ರೊಟ್ಟಿ ಅದೆಷ್ಟು ಚೆನ್ನಾಗಿತ್ತು! ಬೆಣ್ಣೆ ಹಾಕಿಕೊಂಡು ತಿನ್ನುತ್ತಾ ಹೆಂಡತಿಗೆ ಹೇಳಿದೆ: "ನೋಡಿದ್ಯಾ? ಏನೂ ಆಗಿಲ್ಲ. ಸುಮ್ನೆ ಕೊರಗ್ತಿದ್ದೆ ನೀನು."

ಹಾಸನದ ಪ್ರದರ್ಶನದಲ್ಲಿ ನನ್ನ ಚಿತ್ರವನ್ನು ಬಾಗಿಲ ಹಿಂದೆ ಹಾಕಿದ್ದರು. ಬಾಗಿಲು ತೆಗೆದರೆ ಮರೆಯಾಗುತ್ತಿತ್ತು, ಬಾಗಿಲು ಸದಾ ತೆಗೆದೇ ಇತ್ತು. ಬಹುಮಾನದ ಮಾತು ಬಿಡಿ. ಗಾಜು ಹಾಕಿಸಿದ್ದ ದಂಡಕ್ಕಾದರೂ ಇರಲಿ ಅಂತ ತಂದು ಸ್ಟಾಫ್ ರೂಮಿನಲ್ಲಿ ನೇತುಹಾಕಿದೆ. ಗಣಿತದ ಮೇಷ್ಟ್ರು ನೋಡಿ, "ಚೌಕಟ್ಟು ತೇಗದ್ದಾ ಸಾರ್?" ಅಂತ ಕೇಳಿದರು.

ಒಬ್ಬರೇ ಒಬ್ಬರು ಅದನ್ನು ನಿಂತು ನೋಡಿದ್ದು. ನಮ್ಮ ಸ್ಕೂಲಿನ ಅಟೆಂಡರ್, ಚನ್ನರಾಯಪಟ್ಟಣದ ಕಡೆಯ ಹಳ್ಳಿಯವರು, ರಿಟೈರಾಗಲು ಎರಡು ವರ್ಷ ಇತ್ತು. ಟೀ ತಂದವರು ಲೋಟ ಹಿಡಿದುಕೊಂಡೇ ಚಿತ್ರದ ಮುಂದೆ ನಿಂತರು. ನಾನು ಉಬ್ಬಿಹೋದೆ.

"ಹೇಗಿದೆ?" ಅಂದೆ.

"ಚೆಂದಾಗದೆ ಸಾ. ಆದ್ರೆ ಈವಪ್ಪ ಯಾಕ್ ಸಾ ಸುಮ್ಕೆ ನಿಂತವ್ನೆ?"

"ಗಾಳಿಗೆ ಕಾಯ್ತಿದಾರೆ" ಅಂದೆ. ಚಿತ್ರಕ್ಕೆ 'ನಿರೀಕ್ಷೆ' ಅಂತ ಹೆಸರು ಬೇರೆ ಇಟ್ಟಿದ್ದೆ.

"ಗಾಳಿ ಬಂದದಲ್ಲ ಸಾ. ತೆಂಗಿನ್ ಗರಿ ನೋಡಿ, ಎಂಗ್ ಹಾರ್ತಾವೆ. ಆಯಮ್ಮನ್ ಸೆರಗು ನೋಡಿ. ಇಂಥಾ ಗಾಳೀಲಿ ಯಾವನಾದ್ರೂ ಮೊರ ಎತ್ಕಂಡು ಸುಮ್ಕೆ ನಿಂತ್ಕತಾನಾ? ಸುರೀಬೇಕಲ್ವಾ?" ಅವರು ಇನ್ನಷ್ಟು ಹತ್ತಿರ ಹೋಗಿ ನೋಡಿದರು. "ಎಲ್ಲಾ ನಮ್ ಕಡೀಕೇ ಹಾರ್ತಾ ಅದೆ. ಅಂದ್ರೆ ಹೊಟ್ಟು ಬೀಳೋ ಜಾಗ ಇದು, ನಾವ್ ನಿಂತಿರೋದು. ನೀವೆಲ್ ಕುಂತಿದ್ರಿ ಸಾ ಬರೀವಾಗ?"

ನಾನು ಚೌಕಟ್ಟಿನ ಧೂಳು ಒರೆಸತೊಡಗಿದೆ. ಅವರಿಗೇ ತಿಳಿಯಿತು. ಟೀ ಲೋಟ ಮೇಜಿನ ಮೇಲಿಟ್ಟರು. "ಮೊರ ಎತ್ತಿದ್ಮ್ಯಾಲೆ ರಾಶಿ ಆಗೋಗಂಟ ಮಾತಾಡಂಗಿಲ್ಲ ಸಾ, ನಮ್ ಕಡೆ" ಅಂದರು ಮೆಲ್ಲಗೆ. "ಮಾತಾಡುದ್ರೆ ರಾಶಿ ನಿಲ್ಲಕಿಲ್ಲ ಅಂತಾರೆ. ಸನ್ನೆಗಿನ್ನೆ ಏನೂ ಮಾಡ್ಲಿಲ್ವಾ?"

ಹೂಂ. ಹೂಂ ಹೂಂ. ಹೂಂ… ಅಪ್ಪನ ಭಾಷೆಯಲ್ಲಿ, ನನಗೆ ಐದನೇ ವಯಸ್ಸಿನಿಂದ ಬರುತ್ತಿದ್ದ ಭಾಷೆಯಲ್ಲಿ ಹೇಳಿದ್ದರು: ಏಳು, ಆ ಕಡೆ ಹೋಗು, ದಾರಿ ಬಿಡು. ನಾನು ಅಲ್ಲಾಡಬೇಡಿ ಅಂತ ಅವರಿಗೇ ಗದರಿಸಿ, ಹುಬ್ಬಿನ ಗಂಟಿಗೆ ಕಂದು ಬಣ್ಣ ತೀಡುತ್ತಾ ಕೂತಿದ್ದೆ. ಟೀ ಆರಿಹೋಯಿತು. ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸಿತು. ಆವತ್ತು ಮಧ್ಯಾಹ್ನ ಗಣಿತದ ಮೇಷ್ಟ್ರು ಬರುವ ಮೊದಲೇ ನನ್ನ ಪೀರಿಯಡ್ಡನ್ನು ಅವರಿಗೆ ಬಿಟ್ಟುಕೊಟ್ಟೆ.

ಆ ಭಾನುವಾರವೇ ಚಿತ್ರವನ್ನು ಗೋಡೆಯಿಂದ ಇಳಿಸಿ, ಮೊಪೆಡ್ಡಿಗೆ ಕಟ್ಟಿಕೊಂಡು ಹಳ್ಳಿಗೆ ಹೋದೆ. ಕ್ಷಮೆ ಕೇಳಬೇಕು, ಚಿತ್ರ ಅವರಿಗೇ ಕೊಟ್ಟುಬಿಡಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೋದರೆ ಗಂಡ ಹೆಂಡತಿ ಇಬ್ಬರೂ ಅಂಗಳದಲ್ಲೇ ಇದ್ದರು. ಚಾಪೆ ಹಾಸಿದರು, ಹಾಲು ಬಂತು, ಬಾಳೆಹಣ್ಣು ಬಂತು. ಚಿತ್ರವನ್ನು ಗೋಡೆಗೆ ಒರಗಿಸಿ ಕೂತೆ. ಜೋಡಿಸಿಕೊಂಡಿದ್ದ ಮಾತಿನ ಬದಲು ನನ್ನ ಬಾಯಿಂದ ಬಂದದ್ದು: "ಹಾಲು ಹಣ್ಣು ಬೇಡ. ಇವತ್ತು ನಿಮ್ಮನೇಲಿ ಮುದ್ದೆ ಊಟ ಮಾಡ್ತೀನಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಬ್ಯಾಡಿ ಸಾ" ಅಂದರು ರೈತರು.

"ಯಾಕೆ ಬೇಡ? ನನಗೆ ಜಾತಿಗೀತಿ ಏನೂ ಇಲ್ಲ."

"ಅಯ್ಯೋ ಅದುಕ್ಕಲ್ಲ ಸಾ" ಅಂದರು ಆಕೆ. "ಅನ್ನ ಮಾಡ್ಕೊಡ್ತೀನಿ, ವಸಿ ಕುಂತ್ಕಳಿ. ಇಟ್ಟು ಬ್ಯಾಡಿ."

ನಾನು ಬಿಟ್ಟರೆ ತಾನೆ! ಕಾಲ ಎಷ್ಟು ಬದಲಾಗಿದೆ, ನಾವು ನೀವು ಒಂದೇ, ಇಂಥ ಸಂಕೋಚ ನೀವು ಬಿಡಬೇಕು ಅಂತ ಕಾಲು ಗಂಟೆ ಬೋಧನೆ ಮಾಡಿದೆ. ದೇವಸ್ಥಾನದ ಬೀದಿಯವನು ತಾನಾಗೇ ಕೇಳಿ ಮುದ್ದೆ ಉಣ್ಣುತ್ತಿದ್ದಾನಲ್ಲ ಅಂತ ನನ್ನ ಬಗ್ಗೆ ನನಗೇ ಗೌರವ ಬಂತು. ಕೊನೆಗೆ ಆಕೆ ಒಳಗೆ ಹೋದರು. ತಟ್ಟೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ತಂದಿಟ್ಟು, ಬಾಗಿಲ ಹತ್ತಿರ ಹೋಗಿ ನಿಂತರು.

ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ. ಮುಗ್ಗುವಾಸನೆ ಮೂಗಿಗೆ ಹೊಡೆಯಿತು. ಎರಡನೇ ತುತ್ತಿಗೆ ಗಂಟಲಲ್ಲಿ ಕಹಿ. ತಲೆ ಎತ್ತಿದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಕಣದಲ್ಲಿ ಮೊರ ಎತ್ತಿಕೊಂಡು ನೋಡಿದ್ದು ಹೀಗೇ.

"ಮಳೇಲಿ ನೆಂದ ರಾಗೀನಾ?" ಅಂದೆ.

"ತಾರ್ಪಾಲ್ ಮುಚ್ಚಿದ್ವಿ ಸಾ. ಅಡೀಲಿ ನೀರ್ ನುಗ್ಬುಡ್ತು" ಅಂದರು ಅವರು. "ಒಣಗ್ಸಿದ್ವಿ. ವಾಸ್ನೆ ಓಗ್ಲಿಲ್ಲ. ನಮ್ಗೆ ಅಭ್ಯಾಸ ಆಗೋಗದೆ, ನಿಮ್ಗೆ ಎಂಗಾದದು, ಅದ್ಕೇ ಬ್ಯಾಡ ಅಂದಿದ್ದು."

"ಮತ್ತೆ ನಮ್ಮನೆಗೆ ತಂದುಕೊಟ್ಟಿದ್ದು? ಅದು ಎಷ್ಟು ಚೆನ್ನಾಗಿತ್ತಲ್ಲ!"

ಅವರು ನೆಲ ನೋಡಿದರು. ಬಾಗಿಲಿಂದ ಆಕೆಯೇ ಹೇಳಿದರು: "ಅದು ಓದ್ವರ್ಷದ್ದು ಸಾ. ಗುಡಾಣದ ತಳದಾಗೆ ಒಸಿ ಮಿಕ್ಕಿತ್ತು. ಅಷ್ಟೇಯ ಇದ್ದಿದ್ದು."

ಇದ್ದ ಹತ್ತು ಸೇರು ಒಳ್ಳೆಯ ರಾಗಿ. ಅದರ ಮೇಲೆ ನಾನು ಬೆಣ್ಣೆ ಹಾಕಿಕೊಂಡಿದ್ದೆ, ಏನೂ ಆಗಿಲ್ಲ ಅಂತ ಹೆಂಡತಿಗೆ ಬುದ್ಧಿ ಹೇಳಿದ್ದೆ. ತಟ್ಟೆಯ ಮುಂದೆ ಕೂತು, ಕೈ ತೊಳೆಯದೆ, ಅಲ್ಲೇ ಕೇಳಿದೆ: "ನನ್ನದು ತಪ್ಪಾಯ್ತು. ಗೊತ್ತಾಗಲಿಲ್ಲ ಅನ್ನೋಕೂ ನಾಚಿಕೆ. ಸನ್ನೆ ಮಾಡಿದಿರಿ, ನಾನು ನೋಡಿಲ್ಲ. ಆದರೆ ಇಳಿದು ಬಂದು ನನ್ನ ಕುರ್ಚಿ ಎತ್ತಿ ಆ ಕಡೆ ಹಾಕಬಾರದಿತ್ತಾ? ವರ್ಷದ ಊಟ ಅಂದಿದ್ರಲ್ಲ!"

"ಇಳೀವಾ ಅಂದ್ಕಂಡೆ ಸಾ" ಅಂದರು. "ಒಂದ್ ಕಾಲೂ ಇಳುಸ್ದೆ. ಆಮ್ಯಾಲೆ ನಿಮ್ಮುನ್ನ ನೋಡ್ದೆ. ಕೈಯೆಲ್ಲಾ ಬಣ್ಣ, ಗಡ್ಡದಾಗೂ ಬಣ್ಣ, ಆ ಚಳೀಲೂ ಬೆವರ್ತಾ ಇದ್ರಿ. ಅನ್ನ ನೀರು ಗ್ಯಾನ ಇಲ್ದಂಗೆ ಕುಂತಿದ್ರಿ. ಕೆಲ್ಸ ಮಾಡೋರ್ನ ನಡುವ್ಲೆ ಎಬ್ಬುಸ್ಬಾರ್ದಲ್ವಾ ಸಾ? ನಂದು ಗಾಳಿ, ನಾಳೀಕಾದ್ರೂ ಬತ್ತದೆ ಅಂದ್ಕಂಡೆ."

ಅಪ್ಪ ಅನ್ನಲಿಲ್ಲ, ಹೆಂಡತಿ ಅನ್ನಲಿಲ್ಲ, ಸ್ಕೂಲಿನಲ್ಲಿ ಒಬ್ಬರೂ ಅನ್ನಲಿಲ್ಲ. ನಾನು ಮಾಡುವುದನ್ನು ಕೆಲಸ ಅಂದವರು ಅವರೊಬ್ಬರೇ. ಅದಕ್ಕೆ ತಮ್ಮ ಗಾಳಿಯನ್ನು ನನಗೆ ಬಿಟ್ಟುಕೊಟ್ಟು, ಮುಗ್ಗಿದ ಹಿಟ್ಟು ಉಣ್ಣುತ್ತಿದ್ದರು. ನನಗೆ ಅಳು ಬಂತು. ಮೀಸೆ ಗಡ್ಡ ಇಟ್ಟುಕೊಂಡ ಗಂಡಸು ತಟ್ಟೆ ಮುಂದೆ ಕೂತು ಸು‌ರ್‌ ಸುರ್‌ ಅಂತ ಮೂಗು ಎಳೆಯುತ್ತಿದ್ದರೆ ಪಾಪ ಅವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ.

"ಖಾರ ಜಾಸ್ತಿ ಆಯ್ತಾ ಸಾ?" ಅಂದರು ಆಕೆ.

ಇಲ್ಲ ಅಂತ ತಲೆ ಆಡಿಸಿದೆ. ತಟ್ಟೆಯಲ್ಲಿ ಇದ್ದಷ್ಟನ್ನೂ ಮುರಿದು ಮುರಿದು ನುಂಗಿದೆ. ಇನ್ನಷ್ಟು ಹಾಕಿ ಅನ್ನಬೇಕಿತ್ತು, ಬಾಯಿಂದ ಮಾತು ಹೊರಡಲಿಲ್ಲ. ತಟ್ಟೆಯ ಕಡೆ ಗಲ್ಲ ಎತ್ತಿ, "ಹೂಂ" ಅಂದೆ.

ಆಕೆಗೆ ಒಂದೇ ಸಲಕ್ಕೆ ತಿಳಿಯಿತು. ಒಳಗೆ ಹೋಗಿ ಇನ್ನರ್ಧ ಮುದ್ದೆ ತಂದು ಹಾಕಿದರು.